ಒಬ್ಬಳೇ ಹಾರಬೇಕಿದ್ದ ದಿನ

ದೊಡ್ಡನೆಕ್ಕುಂದಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಮೇಷ್ಟರು ಏನು ಕೇಳಿದರೂ ‘ಆಗುತ್ತೆ ಸಾರ್’ ಎಂದೇ ಅಷ್ಟು ದೂರ ಬಂದಿದ್ದೆ. ವಿಮಾನ ಹಾರಿಸಲು ಕಲಿಯುವಾಗಲೂ ಅದೇ ಅಭ್ಯಾಸ ಮುಂದುವರಿಯಿತು.

ಅಂದು ಮೊದಲ ಬಾರಿಗೆ ನಾನು ಒಬ್ಬಳೇ ಹಾರಬೇಕಿತ್ತು. ರನ್‌ವೇಗೆ ಅಡ್ಡಲಾಗಿ ಗಾಳಿ ಬೀಸುತ್ತಿತ್ತು, ಕೆ.ಆರ್. ಪುರದ ಕಡೆ ಮೋಡ ಕಪ್ಪಗಾಗಿತ್ತು.

“ಒಂದು ರೌಂಡ್ ಹೋಗ್ಬರ್ತೀಯಾ?” ಎಂದು ವಿಮಾನ ಕಲಿಸುವ ಮೇಷ್ಟರು ಕೇಳಿದರು.

ಮೋಡದ ಕಡೆ ಒಮ್ಮೆ ನೋಡಿ, “ಆಗುತ್ತೆ ಸಾರ್” ಎಂದು ವಿಮಾನ ಹತ್ತಿ ಕೂತು ಬೆಲ್ಟ್ ಬಿಗಿದೆ. ಅವರು ಒಳಗೆ ಕೈ ಚಾಚಿ ಕೀಲಿ ಕಿತ್ತುಕೊಂಡರು.

“ಆ ಮೋಡ ನೋಡಿದ್ಯಾ?”

“ನೋಡಿದೆ ಸಾರ್.”

“ಮತ್ತೆ ಯಾಕೆ ಹತ್ತಿದೆ?”

“ನೀವು ಕೇಳಿದ್ರಲ್ಲ ಸಾರ್.”

“ನೀನು ಬೇಡ ಅಂತೀಯಾ ಅಂತ ನೋಡೋಕೇ ಕೇಳಿದ್ದು, ತಾಯಿ. ಮೇಲೆ ಹೋದ್ಮೇಲೆ ಮೋಡಕ್ಕೂ ‘ಆಗುತ್ತೆ ಸಾರ್’ ಅಂತೀಯಾ? ಇಳಿ. ನಿನ್ನನ್ನ ಇನ್ನೂ ಒಬ್ಳೇ ಕಳ್ಸಲ್ಲ.”

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಬೀದಿಗೆಲ್ಲ ಮೊದಲೇ ಹೇಳಿಯೂ ಬಿಟ್ಟಿದ್ದಳು.

“ಹಾರಿದ್ಯೇನೇ?”

“ಇಲ್ಲಮ್ಮ, ಗಾಳಿ ಸರಿಯಿರ್ಲಿಲ್ಲ. ನಾನೇ ಬೇಡ ಅಂದೆ.”

ಅಮ್ಮ ನನ್ನ ತಲೆ ಸವರಿ, “ಅದಕ್ಕೇ ಕಣೇ ಓದ್ಬೇಕು ಅನ್ನೋದು” ಎಂದಳು.