ಯಶೋಧಾಳ ಕೈನೀರು

ಮೋರಟಗಿಯ ಆಚೆಗೊಂದು ಹಳ್ಳಿ. ಬೋರಿನ ನೀರು ಕುಡಿದು ಕುಡಿದು ಅಲ್ಲಿನ ಮಕ್ಕಳ ಹಲ್ಲು ಕಂದುಗಟ್ಟಿವೆ, ಹಿರಿಯರಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಇದೆಲ್ಲ ನೀರೊಳಗಿನ ಫ್ಲೋರೈಡಿನ ಕೆಲಸವೆಂದು ಒಂದು ಕಾಲೇಜಿನ ಸಂಶೋಧಕರು ಬಂದು ಹೇಳಿ, ಊರ ನಡುವೆ ನೀರಿನ ಘಟಕ ಕೂಡಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೊ ಪುಡಿ ಅದರೊಳಗೆ ಕೂತು ಫ್ಲೋರೈಡನ್ನು ಹಿಡಿದಿಡುತ್ತಿತ್ತು. ಕೀಲಿಕೈ ಕೊಟ್ಟದ್ದು ಪಿಯುಸಿಯಲ್ಲಿ ವಿಜ್ಞಾನ ಓದಿದ್ದ ಯಶೋಧಾಳಿಗೆ.

ಊರು ಮೂಗು ಮುರಿಯಿತು. ಯಶೋಧಾ ಊರಾಚೆಯ ಕೇರಿಯವಳು. ಅವಳ ಅವ್ವ ಸುಂದರವ್ವ ಇದೇ ಊರಿನ ಬಾವಿಯಿಂದ ದೂರ ನಿಂತು, ಯಾರಾದರೂ ಮೇಲಿನಿಂದ ಕೊಡಕ್ಕೆ ನೀರು ಹೊಯ್ದಾರೆಂದು ಕಾದವಳು. ಆದರೆ ಮೊಮ್ಮಗಳ ಹಲ್ಲು ನೋಡಲಾರದೆ ಗೌಡರ ಮನೆಯ ಕಸ್ತೂರೆವ್ವ ಮೊದಲು ಕೊಡ ತಂದಳು. ಹಿಂದೆಯೇ ಓಣಿಗೆ ಓಣಿಯೇ ಬಂತು. ಎರಡು ವರ್ಷ ಊರೆಲ್ಲ ಯಶೋಧಾಳ ಕೈಯ ನೀರು ಕುಡಿಯಿತು. ಅವಳಿಗೆ ಅದಕ್ಕಿಂತ ದೊಡ್ಡ ಸಂಬಳ ಬೇಕಿರಲಿಲ್ಲ.

ವಾರಕ್ಕೊಮ್ಮೆ ನೀರಿಗೆ ಔಷಧದ ಹನಿ ಹಾಕಿ ನೋಡುವುದೂ ಅವಳ ಕೆಲಸವೇ. ಗುಲಾಬಿ ಉಳಿದರೆ ಒಳ್ಳೆಯ ನೀರು, ಹಳದಿಗೆ ತಿರುಗಿದರೆ ಕೆಟ್ಟದ್ದು. ಆ ಸೋಮವಾರ ಹಳದಿಗೆ ತಿರುಗಿತು. ಮತ್ತೆರಡು ಸಲ ನೋಡಿದರೂ ಹಳದಿಯೇ. ಕಾಲೇಜಿನ ಸಂಜೀವಕುಮಾರ ಸರ್‌ಗೆ ಫೋನ್ ಮಾಡಿದಳು.

“ಪುಡಿ ತುಂಬೇತಿ ಯಶೋಧಾ, ಇನ್ನ ಹಿಡಿಯೂದಿಲ್ಲ. ಬದಲ ಮಾಡಬೇಕು,” ಎಂದರು ಅವರು. “ಆದ್ರ ಸಂಶೋಧನೆಯ ಅವಧಿ ಮುಗದೈತಿ. ಹೊಸಾ ಮಂಜೂರಿ ಬರೂತನಕ ನನ್ನ ಕೈಯಾಗ ಏನಿಲ್ಲ.”

ಯಶೋಧಾ ಫೋನ್ ಇಟ್ಟು ಯೋಚಿಸಿದಳು. ಹೇಳಿದರೆ ಪುಡಿಯ ಮಾತು ಯಾರ ಕಿವಿಗೆ ಬಿದ್ದೀತು? ಸುಮ್ಮನಿದ್ದರೆ ಕುಡಿಯುವವರು ಮಕ್ಕಳು. ಎರಡು ದಿನ ಹೆದರಿ ಬಾಯಿ ಬಿಡಲಿಲ್ಲ, ನೀರು ಬಿಟ್ಟಳು. ಮೂರನೆಯ ದಿನ ಕಸ್ತೂರೆವ್ವನ ಕೊಡಕ್ಕೆ ಕೈ ಅಡ್ಡ ಹಿಡಿದಳು.

“ಬ್ಯಾಡ್ರಿ ಅವ್ವಾರ, ನೀರು ಕೆಟ್ಟೈತ್ರಿ.”

ಕಸ್ತೂರೆವ್ವ ನಲ್ಲಿಯನ್ನು ನೋಡಲಿಲ್ಲ, ಅವಳ ಕೈಯನ್ನು ನೋಡಿದಳು. “ಕೆಡಲಾರದ ಏನಾದೀತು,” ಎಂದಳು ಮೆಲ್ಲಗೆ. “ನಾವು ಆವಾಗ್ಲೇ ತಿಳಕೋಬೇಕಿತ್ತು.”

ಸಂಜೆಯೊಳಗೆ ಕೀಲಿಕೈ ಕಸ್ತೂರೆವ್ವನ ಸೊಸೆ ಭಾಗ್ಯಜ್ಯೋತಿಯ ಸೊಂಟ ಸೇರಿತು. ಅವಳು ಘಟಕವನ್ನು ಮೇಲಿಂದ ಕೆಳಗಿನ ತನಕ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದಳು. ಒಳಗಿನ ಪುಡಿಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಯಶೋಧಾ ತಡೆಯಲಾರದೆ ಹೋದಳು. “ಒಳಗ ಅದ ಹಳೇ ಪುಡಿ ಐತ್ರಿ, ಕುಡಿಸಬ್ಯಾಡ್ರಿ,” ಎಂದು ಬೇಡಿಕೊಂಡಳು. ಸಾಲು ಅವಳನ್ನು ಮುಟ್ಟದಂತೆ ಸರಿದು ಮುಂದೆ ಹೋಯಿತು. ಕಸ್ತೂರೆವ್ವ ಮೊಮ್ಮಗಳಿಗೆ ಒಂದು ಗ್ಲಾಸು ಕುಡಿಸಿ, ತಾನೂ ಒಂದು ಗುಟುಕು ಕುಡಿದಳು.

“ನೋಡ್ರಿ,” ಎಂದಳು ಎಲ್ಲರಿಗೂ ಕೇಳುವಂತೆ, “ಇವತ್ತ ನೀರು ಎಷ್ಟ ಸಿಹಿ ಆಗೇತಿ.”