ರಸ್ತೆ ಕಡೆಯ ಬಾಗಿಲು

ನಮ್ಮ ಪತ್ರಿಕೋದ್ಯಮ ವಿಭಾಗದ ಹೊಸ ಕಟ್ಟಡ ಮೊದಲು ಎದ್ದದ್ದು ಹುಮನಾಬಾದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಖಾರಿ ಬಿಸ್ಕತ್ತಿನಿಂದ. ನಾನು ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಸಹೋದ್ಯೋಗಿ ಖಾರಿಗಳನ್ನು ಸಾಲಾಗಿಟ್ಟು ಗೋಡೆ ಕಟ್ಟಿದಳು. ಕಪ್ಪಿನಡಿಯ ಒಂದು ಬಸಿ ರೇಡಿಯೊ ಸ್ಟುಡಿಯೊ, ಇನ್ನೊಂದು ಟಿವಿ ಸ್ಟುಡಿಯೊ, ನಡುವೆ ಸುದ್ದಿಮನೆ. ಬಸವಕಲ್ಯಾಣದ ನಮ್ಮ ಕೇಂದ್ರದಿಂದ ವಿದ್ಯಾರ್ಥಿಗಳು ದಿನವೂ ನಿಜವಾದ ಸುದ್ದಿ ಬಿತ್ತರಿಸಬೇಕು ಎಂಬುದು ಯೋಜನೆ. ವಿನ್ಯಾಸ ಸಮಿತಿಯಲ್ಲಿ ನಾವಿಬ್ಬರೂ ಇದ್ದೆವು.

ರಸ್ತೆ ಕಡೆಯ ಒಂದು ಖಾರಿ ತೆಗೆದು ಬಾಗಿಲು ಮಾಡಿದವರು ಯಾರು? ಅಕ್ಕ ಎಂದು ನನ್ನ ನೆನಪು. ಆದರೆ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಳ್ಳೆಯ ಕೆಲಸಗಳನ್ನು ಅದು ಇಷ್ಟವಾದವರ ಹೆಸರಿಗೆ ಬರೆದುಬಿಡುತ್ತದೆ. ಈ ಮಾತು ಮಾತ್ರ ಅವಳದೇ:

“ದುಬಲಗುಂಡಿಯಂಥಾ ಹಳ್ಳಿ ಮುದುಕಿ ಬಸ್ ಇಳದು ಸೀದಾ ಸುದ್ದಿಮನಿಗೆ ಬರಬೇಕು. ಕೇಂದ್ರದ ಸಾಹೇಬ್ರ ಖೋಲಿ ಮುಂದ ಕೈಕಟ್ಟಿ ನಿಂತಳಂದ್ರ ಅರ್ಧಾ ಸುದ್ದಿ ಅಲ್ಲೇ ಸಾಯ್ತದ.”

“ಉಳದ ಅರ್ಧಾ?”

“ಚಹಾಕ್ಕ ಹೋದ ಆಫೀಸ್ ಸಿಪಾಯಿ ಬರೋತನಕಾ ಸಾಯ್ತದ.”

ಆ ಬಾಗಿಲಿನ ಆಸೆಗೇ ನಾನು ಆ ಕೆಲಸಕ್ಕೆ ಬಿದ್ದದ್ದು. ನಕ್ಷೆಗೆ ಒಪ್ಪಿಗೆ ಕೊಡುವ ಸಭೆಯ ಬೆಳಿಗ್ಗೆ ಅಕ್ಕನ ಫೋನ್ ಬಂತು.

“ಸಭಾ ಮುಂದ ಹೋಗ್ಯಾದ. ಸುಮ್ನ ಬಸ್ ಹತ್ತಬ್ಯಾಡ.”

ಹುಮನಾಬಾದಿನ ಮನೆಯಲ್ಲೇ ಉಳಿದು ನಾನು ಮೆಂತ್ಯ ಸೊಪ್ಪು ಸೋಸಿದೆ.

ಪಾಯ ತೋಡುವಾಗ, ಬಾಗಿಲು ಎಲ್ಲಿ ಎಂದು ಎಂಜಿನಿಯರನ್ನು ಕೇಳಿದೆ.

“ರಸ್ತೆ ಬಾಜು ಬ್ಯಾಡಂತ ನೀವೂ ಒಪ್ಪೀರಂತಲ್ರಿ ಮೇಡಂ. ಸಭಾದಾಗ ದೊಡ್ಡ ಮೇಡಂ ಹೇಳಿದ್ರು.”

ಸಭೆ ಮುಂದೆ ಹೋಗಿರಲೇ ಇಲ್ಲ; ದೊಡ್ಡ ಮೇಡಂ ಎಂದರೆ ಅಕ್ಕ. ಕೇಳಿದಾಗ ಅವಳು ಅಲ್ಲಗಳೆಯಲಿಲ್ಲ.

“ನೀ ಬಂದಿದ್ರ ಹಟಾ ಹಿಡೀತಿದ್ದಿ. ಬಾಗಿಲ ಬೇಕಂದ್ರ ಸ್ಟುಡಿಯೊ ಇಲ್ಲ ಅಂದಿದ್ರು ಸಾಹೇಬ್ರು.”

“ನನಗ ಹೇಳಬಹುದಿತ್ತಲ್ಲಕ್ಕಾ.”

“ಹೇಳಿದ್ರ ಒಪ್ತಿದ್ದೇನು?”

ಒಪ್ಪುತ್ತಿರಲಿಲ್ಲ. ನನ್ನನ್ನು ಅಷ್ಟು ಬಲ್ಲವಳು ಇನ್ನೊಬ್ಬಳಿರಲಿಲ್ಲ. ಆ ತಿಳಿವನ್ನು ಅವಳು ಬಳಸಿದ್ದು ಹೀಗೆ. ಬಾಗಿಲು ಹೋದದ್ದನ್ನು ಹೇಗೋ ಸಹಿಸಬಹುದಿತ್ತು. ನನ್ನ ಬಾಯಲ್ಲಿ ಅವಳಿಟ್ಟ ಆ ‘ಹೂಂ’ ಇನ್ನೂ ಗಂಟಲಲ್ಲೇ ಇದೆ. ಅವಳ ಲೆಕ್ಕ ಸರಿಯಿತ್ತೇ? ಇರಬಹುದು. ಸ್ಟುಡಿಯೊಗಳು ಬಂದವು, ಅಕ್ಕ ಈಗ ಸುದ್ದಿಮನೆಯ ಮುಖ್ಯಸ್ಥೆ.

ಮೊನ್ನೆ ಸಂಜೆ ಮನೆಗೆ ಹೊರಟಾಗ, ರಸ್ತೆ ಕಡೆಯ ಗೋಡೆಯ ಬಳಿ ಕೈಚೀಲ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ಗಾಜಿನ ಕಿಟಕಿಯಾಚೆ ಅಕ್ಕ ವಿದ್ಯಾರ್ಥಿಗಳಿಗೆ ಏನೋ ತಿದ್ದುತ್ತಿದ್ದಳು. ಗಾಜು ಚೆನ್ನಾಗಿತ್ತು, ಒಂದು ಸದ್ದೂ ಹೊರಬರುತ್ತಿರಲಿಲ್ಲ.

“ಸುದ್ದಿ ಹೇಳಬೇಕಂತ ಬಂದಿದ್ದೆರಿ,” ಎಂದಳು ಆ ಹೆಂಗಸು. “ಸಾಹೇಬ್ರು ನಾಳಿಗಿ ಬರ್ತಾರ, ಆಗ ಬಾ ಅಂದ ಸಿಪಾಯಿ.”

“ನನಗ ಹೇಳ್ರಿ.”

ಅವಳು ನನ್ನ ಕೊರಳಿನ ಗುರುತಿನ ಚೀಟಿ ನೋಡಿದಳು.

“ನೀವೂ ಒಳಗಿನವರೇ ಏನ್ರಿ ಮೇಡಂ? ಇಕಡಿ ಒಂದ್ ಬಾಗಿಲ ಯಾಕ ಇಡಲಿಲ್ರಿ?”

ನಾನು ಬೇಡ ಎಂದವಳಲ್ಲ ಎಂದು ಹೇಳಬೇಕಿತ್ತು. ಅವಳಿಗೆ ಅದರಿಂದ ಏನು ಎನಿಸಿತು. ಅಷ್ಟರಲ್ಲಿ ಹುಮನಾಬಾದ ಬಸ್ ಬಂತು, ಅವಳು ಓಡಿದಳು. ಅದು ನನ್ನ ಬಸ್ಸೂ ಹೌದು. ನಾನು ಹತ್ತಲಿಲ್ಲ.