ಎಡಗೈ ರೊಟ್ಟಿ

ಶಹಾಬಜಾರದ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಕಾಕಿಯೊಬ್ಬರಿದ್ದರು. ಯಾರು ಏನೇ ಹೇಳಲಿ, ಹಿಟ್ಟಿನ ಕೈ ಸೆರಗಿಗೆ ಒರೆಸಿ, ನಕ್ಕು, "ಖರೇನಾ?" ಎನ್ನುವರು. ಯಾರ ಹಂಗಿಲ್ಲದೆ ಬದುಕಲು ಅವರಿಗಿದ್ದದ್ದು ಬಲಗೈ ಒಂದೇ. ಬಚ್ಚಲಲ್ಲಿ ಜಾರಿ ಅದರ ಮಣಿಕಟ್ಟೇ ಮುರಿಯಿತು.

ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದರೆ ಅದರ ರೂಢಿ ಪ್ಲಾಸ್ಟರಿನೊಳಗಿನ ಬಲಗೈಗೂ ಮುಟ್ಟುತ್ತದೆ, ಕಸುವು ಅಷ್ಟಾಗಿ ಇಳಿಯುವುದಿಲ್ಲ ಎಂದರು ಡಾಕ್ಟರು.

"ಖರೇನಾ? ಈ ಕೈ ಉಂಡ್ರ ಆ ಕೈ ಹೊಟ್ಟಿ ತುಂಬ್ತದೇನ್ರೀ?"

ಆದರೂ ಬಡಿದರು. ಎಡಗೈಯಲ್ಲಿ ಮಾಡಿದ್ದನ್ನು ಮಂದಿಗೆ ಉಣಿಸುವುದುಂಟೇ? ಎಲ್ಲವೂ ಎದುರುಮನೆಯ ಎಮ್ಮೆಗೆ ಹೋಯಿತು. "ಎಮ್ಮಿ ಎಡಾ ಬಲಾ ನೋಡಂಗಿಲ್ಲ ಬಿಡ್ರಿ," ಎಂದರು. ಎಮ್ಮೆ ದಪ್ಪಗಾದ ನೆನಪು. ಅದನ್ನು ನಾನೇ ಕಂಡೆನೋ, ಓಣಿಯವರು ನಗುತ್ತ ಹೇಳಿದ್ದೋ, ಈಗ ಆಣೆ ಮಾಡಲಾರೆ.

ಪ್ಲಾಸ್ಟರ್ ತೆಗೆದ ಮರುದಿನ ಕಮಲಾಪುರದಿಂದ ಅವರ ಅಣ್ಣ ಕೆಂಪು ಬಾಳೆಹಣ್ಣು ಹಿಡಿದು ಬಂದ.

"ಕೈ ಹೋದಮ್ಯಾಲ ಇಲ್ಲೇನ್ ಮಾಡ್ತಿ ತಂಗೀ? ನಮ್ಮ ಮನ್ಯಾಗ ಇರು, ನಡಿ."

ಕಾಕಿ ಒಲೆ ಹಚ್ಚಿದರು. ಸೊರಗಿದ ಬಲಗೈಯನ್ನು ಹಿಟ್ಟಿನ ಮೇಲಿಟ್ಟರು. ಆಮೇಲೆ ಟಪ್ ಟಪ್ ಸದ್ದು ಕೇಳಿಸಿತು, ಮೊದಲು ಅಳುಕುತ್ತ, ನಂತರ ಒಂದೇ ಲಯದಲ್ಲಿ. ಅಂಚು ತುಸು ದಪ್ಪವಾಗಿದ್ದರೂ ರೊಟ್ಟಿ ಹರಿಯದೆ ಹಂಚಿಗೆ ಬಿತ್ತು, ಉಬ್ಬಿತು.

ಕಾಕಿ ಅದರೊಳಗೆ ಪುಂಡಿಪಲ್ಯ ಸುತ್ತಿ ಅಣ್ಣನ ಕೈಗಿಟ್ಟರು.

"ಬಸ್ಸಿನ್ಯಾಗ ಉಣ್ಣಣ್ಣಾ. ಟಿಕೀಟು ಒಂದೇ ತಗಸು."